ಹಳೇ ಚೈನ್ ಸಾ ಗುಜರಿಗೆ ಬೇಡ: ಹಲಗೆ ಸೀಳಲು ಸಜ್ಜು ಮಾಡುವುದು ಹೀಗೆ

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ಹಳೇ ಕಾಫಿ ತೋಟಗಳ ಗೋಡೌನಿನಲ್ಲಿ ಹುಡುಕಿದರೆ ಒಂದು ದೊಡ್ಡ ಚೈನ್ ಸಾ ಸಿಗುವುದುಂಟು. ಸ್ಟಿಲ್ 070 ತರದ್ದು. 106 ಸಿಸಿ ಇಂಜಿನ್, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಹಗುರ ಮೆಷಿನ್ ಬಂದ ಮೇಲೆ ಇದನ್ನು ಕೇಳುವವರಿಲ್ಲ. ಮರ ಕೆಡವಲು ಇದು ಬೇಡವೇ ಬೇಡ. ಚೈನ್ ಬ್ರೇಕ್ ಇರುವುದಿಲ್ಲ, ಕೈ ಜೋಮು ಹಿಡಿಯುವಷ್ಟು ನಡುಗುತ್ತದೆ. ಆದರೆ ದಿಮ್ಮಿಯನ್ನು ಉದ್ದಕ್ಕೆ ಸೀಳುವ ಕೆಲಸವೇ ಬೇರೆ. ಅಲ್ಲಿ ಬಾರ್, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿ, ಕಬ್ಬಿಣದ ಫ್ರೇಮಿಗೆ ಬಿಗಿದಿರುತ್ತದೆ, ಮೆಷಿನ್ನಿನ ಭಾರವನ್ನು ದಿಮ್ಮಿಯೇ ಹೊರುತ್ತದೆ. ಬೇಕಾಗುವುದು ಎಳೆಯುವ ಶಕ್ತಿ. ಅದು ಈ ಹಳೇ ಇಂಜಿನ್ನಿನಲ್ಲಿ ಧಾರಾಳವಾಗಿದೆ.

ಒಂದು ವಿಷಯ ಮಾತ್ರ ಮರೆಯಬೇಡಿ. ಅಡ್ಡಕ್ಕೆ ಕೊಯ್ಯುವಾಗ ಇಂಜಿನ್ ಕೆಲವು ಸೆಕೆಂಡು ಫುಲ್ ರೇಸಿನಲ್ಲಿ ಓಡುತ್ತದೆ, ಅಷ್ಟೇ. ಸೀಳುವಾಗ ನಿಮಿಷಗಟ್ಟಲೆ ಉಸಿರು ಬಿಡದೆ ಓಡಬೇಕು. ಸುಮ್ನೆ ಸ್ಟಾರ್ಟ್ ಆಯಿತು ಅಂದ ಮಾತ್ರಕ್ಕೆ ದಿಮ್ಮಿಗೆ ಇಳಿಸಿದರೆ ಪಿಸ್ಟನ್ ಸುಟ್ಟುಹೋಗುತ್ತದೆ.

ಮೊದಲು ಪಿಸ್ಟನ್ ನೋಡಿ

ವರ್ಷಗಟ್ಟಲೆ ನಿಂತ ಮೆಷಿನ್ನಿನ ಹಗ್ಗವನ್ನು ಬಂದ ಕೂಡಲೇ ಎಳೆಯಬೇಡಿ. ಪ್ಲಗ್ ಬಿಚ್ಚಿ, ಆ ತೂತಿಗೆ ನಾಲ್ಕು ಹನಿ ಟೂ ಟಿ ಆಯಿಲ್ ಬಿಟ್ಟು, ನಿಧಾನಕ್ಕೆ ತಿರುಗಿಸಿ. ಆಮೇಲೆ ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ. ಪಿಸ್ಟನ್ ಮೈ ನುಣ್ಣಗಿದ್ದರೆ ಸರಿ. ಮೇಲಿಂದ ಕೆಳಕ್ಕೆ ಗೀರು ಬಿದ್ದಿದ್ದರೆ ಪಿಸ್ಟನ್, ರಿಂಗ್ ಬದಲಿಸಬೇಕು. ಪ್ಲಗ್ ವಾಪಸ್ ಹಾಕಿ, ಹಗ್ಗದ ಹಿಡಿಯಿಂದ ಮೆಷಿನ್ನನ್ನು ಒಮ್ಮೆ ನೇತಾಡಿಸಿ. ತಡೆದು ತಡೆದು ಇಳಿದರೆ ಕಂಪ್ರೆಷನ್ ಇದೆ. ಸರ್ರನೆ ಜಾರಿದರೆ ಇಲ್ಲ.

ಗಾಳಿ ಸೋರಿಕೆ: ಇಲ್ಲಿ ಅವಸರ ಬೇಡ

ಟೂ ಸ್ಟ್ರೋಕ್ ಇಂಜಿನ್ನಿಗೆ ತಂಪೂ ಎಣ್ಣೆಯೂ ಸಿಗುವುದು ಪೆಟ್ರೋಲ್, ಟೂ ಟಿ ಆಯಿಲ್ ಮಿಶ್ರಣದಿಂದಲೇ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ಹಳೆಯದಾಗಿ ಗಟ್ಟಿಯಾದರೆ ಅಲ್ಲಿಂದ ಬರೀ ಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣ ತೆಳ್ಳಗಾಗುತ್ತದೆ, ಇಂಜಿನ್ ಕಾಯುತ್ತದೆ. ಹಳೇ ಮೆಷಿನ್ ಸಾಯುವುದು ಹೆಚ್ಚಾಗಿ ಹೀಗೇ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಕಾರ್ಬೊರೇಟರ್ ಮತ್ತು ಸೈಲೆನ್ಸರ್ ಕೂರುವ ಎರಡೂ ಬಾಯಿಗೆ ಹಳೇ ಟ್ಯೂಬಿನ ರಬ್ಬರ್ ತುಂಡು ಇಟ್ಟು, ಮೇಲೊಂದು ತಗಡು ಕೊಟ್ಟು ಬೋಲ್ಟ್ ಬಿಗಿಯಿರಿ. ಕೆಟ್ಟ ಪ್ಲಗ್ಗೊಂದರ ಪಿಂಗಾಣಿ ಒಡೆದು ತೆಗೆದು, ಆ ಜಾಗಕ್ಕೆ ಗಾಳಿ ಹೋಗದಂತೆ ಸಣ್ಣ ಪೈಪ್ ಕೂರಿಸಿ. ಪೈಪಿನ ಇನ್ನೊಂದು ತುದಿಗೆ ಬಿಪಿ ನೋಡುವ ಉಪಕರಣದ ಬಲ್ಬು ಮತ್ತು ಡಯಲ್ ಸಾಕು. ಪಿಸ್ಟನ್ ಪೂರ್ತಿ ಕೆಳಗಿರಲಿ. ಮುಳ್ಳು 250ಕ್ಕೆ ಬರುವ ತನಕ ಗಾಳಿ ಒತ್ತಿ, ಸೀಲ್, ಗ್ಯಾಸ್ಕೆಟ್ ಸುತ್ತ ಸೋಪಿನ ನೀರು ಹಚ್ಚಿ. ಮುಳ್ಳು ಇಳಿಯುತ್ತಾ ಬಂದರೆ ಗುಳ್ಳೆ ಎಲ್ಲಿ ಏಳುತ್ತಿದೆ ನೋಡಿ. ಅಲ್ಲೇ ಸೋರಿಕೆ.

ನನ್ನ ಸಲಹೆ ಕೇಳಿದರೆ, ಗುಳ್ಳೆ ಬರಲಿ ಬಿಡಲಿ, ಎರಡೂ ಸೀಲ್ ಹೊಸದು ಹಾಕಿ. ಪಿಸ್ಟನ್ ಬೆಲೆಯ ಮುಂದೆ ಅದು ಏನೇನೂ ಅಲ್ಲ. ಹೇಗಿದ್ದರೂ ಅದಕ್ಕೆ ಫ್ಲೈವೀಲ್ ಬಿಚ್ಚಬೇಕು, ಹಳೇ ಮಾದರಿಯಲ್ಲಿ ಅದರ ಕೆಳಗೇ ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟ್ ಇರುತ್ತದೆ. ನುಣುಪು ಎಮರಿ ಪೇಪರಿನಿಂದ ಅದನ್ನೂ ಉಜ್ಜಿಬಿಡಿ. ಇನ್ನೊಂದು ಬದಿಯ ಸೀಲಿಗಾಗಿ ಕ್ಲಚ್ ಬಿಚ್ಚುವಾಗ ಜೋಪಾನ, ಬಹಳಷ್ಟು ಮೆಷಿನ್ನಿನಲ್ಲಿ ಅದು ಉಲ್ಟಾ ಥ್ರೆಡ್.

ಕಾರ್ಬೊರೇಟರ್ ಮತ್ತು ಪೆಟ್ರೋಲ್

ಕಾರ್ಬೊರೇಟರ್ ಒಳಗಿನ ಡಯಾಫ್ರಂ, ಅಂದರೆ ತೆಳ್ಳಗಿನ ಪೊರೆ, ಒಣಗಿ ರಟ್ಟಿನಂತಾಗಿರುತ್ತದೆ. ಬದಲಿಸಿ. ಪೆಟ್ರೋಲ್ ಪೈಪನ್ನೂ ಎಥನಾಲ್ ತಡೆಯುವಂಥದ್ದೇ ಹಾಕಿ. ಈಗ ಬಂಕಿನಲ್ಲಿ ಬರುವುದು ಶೇ 20 ಎಥನಾಲ್ ಬೆರೆತದ್ದು. ಅದು ಹಳೇ ರಬ್ಬರನ್ನು ತಿನ್ನುತ್ತದೆ, ನಮ್ಮ ಮಲೆನಾಡಿನ ತೇವವನ್ನೂ ಎಳೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವ ತನಕ ಓಡಿಸಿ ಇಡಿ. ಸೀಳುವ ಕೆಲಸಕ್ಕೆ ಲೀಟರಿಗೆ 40 ಎಂಎಲ್ ಟೂ ಟಿ ಆಯಿಲ್ ಹಾಕಿ. ಹೊಗೆ ಸ್ವಲ್ಪ ಜಾಸ್ತಿ ಬರುತ್ತದೆ, ಬರಲಿ.

ಕಾರ್ಬೊರೇಟರಿನ ಎಲ್ (ಸ್ಲೋ ಓಟದ್ದು) ಮತ್ತು ಎಚ್ (ಫುಲ್ ರೇಸಿನದ್ದು) ಸ್ಕ್ರೂ ಎರಡನ್ನೂ ಮೆಲ್ಲಗೆ ಮುಚ್ಚಿ, ಒಂದೊಂದು ಸುತ್ತು ತೆರೆದು ಸ್ಟಾರ್ಟ್ ಮಾಡಿ. ಇಂಜಿನ್ ಕಾದ ಮೇಲೆ ಕಿವಿಯಿಂದ ಸೆಟ್ ಮಾಡಬೇಕು. ಭಾರವಿಲ್ಲದೆ ಫುಲ್ ರೇಸ್ ಕೊಟ್ಟಾಗ ಸದ್ದು ಸ್ವಲ್ಪ ಗರಗರ ಅನ್ನಬೇಕು. ಮರಕ್ಕೆ ಇಳಿದ ಕೂಡಲೇ ಆ ಗರಗರ ಹೋಗಿ ನುಣ್ಣಗಾಗಬೇಕು. ಖಾಲಿ ಓಡುವಾಗಲೇ ಕೀರಲು ಸದ್ದು ಬಂದರೆ ಪೆಟ್ರೋಲ್ ಸಾಲುತ್ತಿಲ್ಲ. ಎಚ್ ಸ್ಕ್ರೂ ಇನ್ನಷ್ಟು ತೆರೆಯಿರಿ.

ಚೈನಿನ ಹಲ್ಲು

ಅಂಗಡಿಯ ಚೈನ್ ಅಡ್ಡ ಕೊಯ್ಯಲು ಮಾಡಿದ್ದು. ಅದರ ಹಲ್ಲಿನ ಕೋನ ಸುಮಾರು 30 ಡಿಗ್ರಿ. ಸೀಳಲು 10 ಡಿಗ್ರಿ ಬೇಕು. ಅಂದರೆ ಅರವನ್ನು ಬಾರಿಗೆ ಹೆಚ್ಚುಕಮ್ಮಿ ನೇರ ಅಡ್ಡಕ್ಕೆ ಹಿಡಿದು ಉಜ್ಜಬೇಕು. ಪಾಯಿಂಟ್ 404 (.404 ಇಂಚು) ಅಳತೆಯ ಚೈನಿಗೆ 5.5 ಎಂಎಂ ದುಂಡು ಅರ. ಎಲ್ಲ ಹಲ್ಲೂ ಒಂದೇ ಉದ್ದ ಇರಲಿ. ಇಲ್ಲದಿದ್ದರೆ ಬಾರ್ ಒಂದು ಕಡೆಗೆ ಎಳೆದು ಹಲಗೆ ಅಂಕುಡೊಂಕಾಗುತ್ತದೆ. ಬಾರಿನ ಅಂಚಿನಲ್ಲಿ ಚೈನ್ ಓಡುವ ಸೀಳಿನಲ್ಲಿ ಕೂತ ಹೊಟ್ಟನ್ನು ಕೆರೆದು ತೆಗೆಯಿರಿ. ಚೈನ್ ತುದಿಯನ್ನು ಬಿಳಿ ರಟ್ಟಿನ ಎದುರು ಹಿಡಿದು ರೇಸ್ ಕೊಡಿ. ಎಣ್ಣೆಯ ಗೆರೆ ಬಿದ್ದರೆ ಪಂಪ್ ಸರಿ ಇದೆ. ಉದ್ದ ಬಾರ್ ಆದರೆ ಮೂತಿಯ ಹತ್ತಿರ ಹನಿ ಹನಿ ಎಣ್ಣೆ ಬೀಳುವ ಸಣ್ಣ ಡಬ್ಬಿಯನ್ನೂ ಕಟ್ಟಬೇಕು.

ದಿಮ್ಮಿಗೆ ಇಳಿಸುವಾಗ

ನಮ್ಮಲ್ಲಿ ಶುರು ಮಾಡಲು ಸಿಲ್ವರ್ (ಸಿಲ್ವರ್ ಓಕ್) ಮರವೇ ಸರಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಕಡಿಯಲು ಅನುಮತಿ ಪಡೆಯುವುದರಿಂದ ವಿನಾಯಿತಿ ಇದೆ. ಬೀಟೆ, ತೇಗ, ಹೊನ್ನೆ ಹಾಗಲ್ಲ, ಅವನ್ನು ಮುಟ್ಟುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮೆಷಿನ್ ಬಳಸುವ ನಿಯಮವನ್ನೂ ರೇಂಜ್ ಆಫೀಸಿನಲ್ಲಿ ವಿಚಾರಿಸಿ.

ಮೊದಲ ಸೀಳಿಗೆ ದಿಮ್ಮಿಯ ಮೇಲೆ ನೇರವಾದ ಏಣಿಯನ್ನೋ ಎರಡು ಪಟ್ಟಿಯನ್ನೋ ಮೊಳೆಯಿಂದ ಕೂರಿಸಿ, ಫ್ರೇಮ್ ಅದರ ಮೇಲೆ ಜಾರಲಿ. ಮೊಳೆ ಚೈನಿಗೆ ಸಿಗುವಷ್ಟು ಆಳಕ್ಕೆ ಇಳಿದಿರಬಾರದು. ದಿಮ್ಮಿಯನ್ನು ಸ್ವಲ್ಪ ಇಳಿಜಾರಿಗೆ ಇಟ್ಟರೆ ಮೆಷಿನ್ ತಾನೇ ಮುಂದೆ ಹೋಗುತ್ತದೆ, ಕೈಗೆ ಆರಾಮ. ಸೀಳು ಮುಂದೆ ಹೋದಂತೆ ಹಿಂದೆ ಮರದ ಬೆಣೆ ಕೊಡುತ್ತಾ ಬನ್ನಿ. ಕಿವಿಗೆ, ಕಣ್ಣಿಗೆ, ಮೂಗಿಗೆ ರಕ್ಷಣೆ ಇರಲೇಬೇಕು. ಕೆಲವರಿಗೆ ಸಿಲ್ವರ್ ಹೊಟ್ಟು ತಾಗಿದರೆ ಮೈ ತುರಿಸುತ್ತದೆ, ತುಂಬು ತೋಳಿನ ಅಂಗಿ ಹಾಕಿ. ಒಂದು ಹಲಗೆ ಮುಗಿದ ಕೂಡಲೇ ಆಫ್ ಮಾಡಬೇಡಿ. ಒಂದು ನಿಮಿಷ ಸ್ಲೋದಲ್ಲಿ ಬಿಟ್ಟು ಇಂಜಿನ್ ತಣಿಯಲು ಬಿಡಿ.

ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲಿನ ದಿನಗಳು ಈ ಕೆಲಸಕ್ಕೆ ಒಳ್ಳೆಯವು. ಹಸಿ ಹಲಗೆಯ ಎರಡೂ ತುದಿಗೆ ಪೇಂಟ್ ಬಳಿದು, ನಡುವೆ ಒಂದೇ ದಪ್ಪದ ರೀಪು ಕೊಟ್ಟು, ನೆರಳಿನಲ್ಲಿ ಪೇರಿಸಿ, ಮೇಲೆ ಭಾರ ಹೇರಿ. ಸಿಲ್ವರ್ ಬೇಗ ಡೊಂಕಾಗುವ ಮರ. ಒಂದು ಇಂಚು ದಪ್ಪದ ಹಲಗೆ ಒಣಗಲು ಹತ್ತಿರಹತ್ತಿರ ಒಂದು ವರ್ಷ ಬೇಕು.