ಮದ್ದಿಲ್ಲದ ರೋಗಕ್ಕೆ ರಾಣಿಯನ್ನೇ ತೆಗೆಯುತ್ತೇನೆ

ಸುಳ್ಯದ ಕಡೆ ನಮ್ಮದು ಅಡಿಕೆ, ರಬ್ಬರಿನ ತೋಟ. ತೋಟದ ಬದಿಯಲ್ಲಿ ತುಡುವೆ ಎಂಬ ನಾಡ ಜೇನಿನ ಪೆಟ್ಟಿಗೆಗಳಿವೆ. ಹೊಸದಾಗಿ ಜೇನು ಸಾಕಲು ಹೊರಟವರು ಬಂದರೆ ಮೊದಲು ಕೇಳುವುದೇ ಇದು: "ರೋಗ ಬಂದರೆ ಯಾವ ಮದ್ದು ಹಾಕ್ತೀರಿ?" ತುಡುವೆಯನ್ನು ಹೆಚ್ಚು ಕಾಡುವ ಥಾಯ್ ಸ್ಯಾಕ್‌ಬ್ರೂಡ್‌ಗೆ ಮದ್ದೇ ಇಲ್ಲ. ನಾನು ರಾಣಿಯನ್ನು ತೆಗೆಯುತ್ತೇನೆ.

ಇದು ವೈರಸ್‌ನಿಂದ ಬರುವ ರೋಗ. 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಿದ್ದರಿಂದ ಈ ಹೆಸರು. 1991-92ರ ಹೊತ್ತಿಗೆ ಅದು ನಮ್ಮ ಕಡೆಗೂ ಬಂತು. ಕೊಡಗು, ದಕ್ಷಿಣ ಕನ್ನಡ, ಕೇರಳದಲ್ಲಿ ಸಾಲುಸಾಲು ಪೆಟ್ಟಿಗೆಗಳು ಖಾಲಿಯಾದವು. ಆಗ ಜೇನು ಬಿಟ್ಟ ಎಷ್ಟೋ ಮನೆಯವರು ಮತ್ತೆ ಪೆಟ್ಟಿಗೆ ಇಡಲೇ ಇಲ್ಲ.

ರೋಗ ಸಾಯಿಸುವುದು ಮರಿಗಳನ್ನು. ಹಾಗಾಗಿ ಪೆಟ್ಟಿಗೆ ತೆರೆದಾಗ ನಾನು ಜೇನುತುಪ್ಪಕ್ಕಿಂತ ಮೊದಲು ಮರಿ ಇರುವ ಎರಿಯನ್ನು, ಅಂದರೆ ಮೇಣದ ಕಣಗಳ ಹಲ್ಲೆಯನ್ನು, ನೋಡುತ್ತೇನೆ. ಆರೋಗ್ಯದ ಎಳೆ ಮರಿ ಕಣದ ತಳದಲ್ಲಿ ಸುರುಳಿಯಾಗಿ, ಬೆಳ್ಳಗೆ ಹೊಳೆಯುತ್ತಾ ಇರುತ್ತದೆ. ರೋಗದ ಮರಿ ಬೆಳೆದು ಉದ್ದಕ್ಕೆ ಮಲಗಿದ ಮೇಲೆ ಹಾಗೇ ಸತ್ತಿರುತ್ತದೆ. ಅದರ ತಲೆ ದೋಣಿಯ ಮೂತಿಯ ಹಾಗೆ ಮೇಲೆದ್ದಿರುತ್ತದೆ. ಚಿಮುಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲವಾಗಿ ಇಡಿಯಾಗಿ ಬರುತ್ತದೆ. ಹುಳಿ ನಾತ ಬಂದರೆ ಅದು ಬೇರೆ ರೋಗ, ಬ್ಯಾಕ್ಟೀರಿಯಾದ್ದು.

ವೈರಸ್ ಹೆಚ್ಚಾಗಿ ಬೆಳೆಯುವುದು ಮರಿಯಲ್ಲಿ. ಸತ್ತ ಮರಿಯನ್ನು ಎತ್ತಿ ಹಾಕುವ ಜೇನುನೊಣಗಳ ಮೂಲಕ ಅದು ಇನ್ನೊಂದು ಮರಿಗೆ ಹೋಗುತ್ತದೆ. ಕೆಲವು ವಾರ ಪೆಟ್ಟಿಗೆಯಲ್ಲಿ ಎಳೆ ಮರಿಯೇ ಇಲ್ಲದ ಹಾಗೆ ಮಾಡಿದರೆ ಈ ಸರಪಳಿ ತುಂಡಾಗುತ್ತದೆ. ಅದಕ್ಕೇ ರಾಣಿಯನ್ನು ತೆಗೆಯುವುದು. ಮೊಟ್ಟೆ ಇಡುತ್ತಿರುವ ರಾಣಿಯನ್ನು ಕೈಯಾರೆ ಕೊಲ್ಲಲು ಇವತ್ತಿಗೂ ಮನಸ್ಸು ಒಪ್ಪುವುದಿಲ್ಲ. ಆದರೆ ಅವಳನ್ನು ಉಳಿಸಿದರೆ ಉಳಿದವರೂ ಹೋಗುತ್ತಾರೆ, ಅಲ್ವಾ?

ಜಾಸ್ತಿ ಕೆಟ್ಟ ಎರಿಗಳನ್ನು ಕೊಯ್ದು ಸುಡುತ್ತೇನೆ. ಉಳಿದ ಎರಿಗಳ ಮೇಲೆ ನೊಣ ಒತ್ತಾಗಿ ಕೂರುವಷ್ಟಕ್ಕೆ ಚೌಕಟ್ಟು ಕಡಿಮೆ ಮಾಡುತ್ತೇನೆ. ಸಂಜೆ ಸಕ್ಕರೆ ಪಾಕ ಕೊಡುತ್ತೇನೆ. ಹೊರಗೆ ಚೆಲ್ಲಬಾರದು, ಚೆಲ್ಲಿದರೆ ಪಕ್ಕದ ಪೆಟ್ಟಿಗೆಯವು ಕದಿಯಲು ಬಂದು ರೋಗ ಹೊತ್ತೊಯ್ಯುತ್ತವೆ. ರಾಣಿ ಇಲ್ಲವೆಂದು ಗೊತ್ತಾದ ಕೂಡಲೇ ನೊಣಗಳು ರಾಣಿ ಕಣ ಕಟ್ಟುತ್ತವೆ. ಒಂದು ವಾರ ಕಳೆದು, ಅವುಗಳಿಗೆ ಹೊಸ ರಾಣಿ ಮಾಡಲು ಎಳೆ ಮರಿ ಉಳಿದಿಲ್ಲ ಎಂದಾದ ಮೇಲೆ, ಆ ಕಣಗಳನ್ನೆಲ್ಲ ಮುರಿಯುತ್ತೇನೆ. ಆಮೇಲೆ ರೋಗ ತಾಗದೆ ಉಳಿದ ಕುಟುಂಬದಿಂದ ಬಲಿತ ರಾಣಿ ಕಣ ತಂದು ಅಂಟಿಸುತ್ತೇನೆ. ಆ ರಾಣಿ ಹೊರಬಂದು, ಗಂಡು ನೊಣಗಳ ಜೊತೆ ಕೂಡಿ, ಮೊಟ್ಟೆ ಇಡುವಷ್ಟರಲ್ಲಿ ಹಳೆಯ ಮರಿಗಳು ಮುಗಿದಿರುತ್ತವೆ, ನೊಣಗಳು ಕಣಗಳನ್ನು ತೊಳೆದಿಟ್ಟಿರುತ್ತವೆ. ನೊಣ ತೀರಾ ಕಡಿಮೆಯಾದ ಕುಟುಂಬಕ್ಕೆ ಮಾತ್ರ ಇದರಿಂದ ಉಪಯೋಗವಿಲ್ಲ.

ಆಂಟಿಬಯಾಟಿಕ್ ಪುಡಿಯನ್ನು ಪಾಕಕ್ಕೆ ಬೆರೆಸುವವರಿದ್ದಾರೆ. ದಯವಿಟ್ಟು ಬೇಡ. ವೈರಸ್‌ಗೆ ಅದು ಏನೂ ಮಾಡುವುದಿಲ್ಲ, ತುಪ್ಪದಲ್ಲಿ ಮಾತ್ರ ಉಳಿಯುತ್ತದೆ. ಜೇನಿನ ಮೈಗೆ ಅಂಟುವ ವರೋವಾ ನುಸಿಗೂ ತುಡುವೆಯಲ್ಲಿ ಹೆದರಬೇಕಿಲ್ಲ. ಅದು ಮೊದಲಿನಿಂದಲೂ ಏಷ್ಯಾದ ಈ ಜೇನಿನ ಜೊತೆಗೇ ಇದ್ದದ್ದು, ಹೆಚ್ಚಾಗಿ ಗಂಡು ನೊಣದ ಕಣಗಳಲ್ಲಿ ಮರಿ ಮಾಡುತ್ತದೆ. ಮೆಲ್ಲಿಫೆರಾ ಎಂಬ ಯುರೋಪಿನ ಜೇನು ಸಾಕುವವರಿಗೆ ಅದೇ ದೊಡ್ಡ ಶತ್ರು. ಎರಿ ತಿನ್ನುವ ಮೇಣದ ಹುಳು ಬಂದರೆ ಕುಟುಂಬ ಬಡವಾಗಿದೆ ಎಂದೇ ಲೆಕ್ಕ. ಮಳೆಗಾಲದಲ್ಲಿ ಅಡಿಮಣೆ ಆಗಾಗ ಗುಡಿಸಿ, ನೊಣ ಕೂರದ ಎರಿ ತೆಗೆದರೆ ಸಾಕು.

ಕೀಟನಾಶಕದ ಸಾವು ನೋಡಿದರೇ ಗೊತ್ತಾಗುತ್ತದೆ. ಅಲ್ಲಿ ಸಾಯುವುದು ದೊಡ್ಡ ನೊಣಗಳು. ಪೆಟ್ಟಿಗೆಯ ಮುಂದೆ ರಾಶಿ ಬಿದ್ದಿರುತ್ತವೆ, ಹೆಚ್ಚಿನವುಗಳ ನಾಲಿಗೆ ಹೊರಗೆ ಚಾಚಿರುತ್ತದೆ. ಕೆಲವು ತೆವಳುತ್ತಾ ನಡುಗುತ್ತಿರುತ್ತವೆ. ಇದನ್ನು ರೋಗ ಎಂದುಕೊಂಡು ರಾಣಿ ತೆಗೆದರೆ ಇದ್ದ ಬಲವೂ ಹೋಗುತ್ತದೆ. ಪಾಕ ಕೊಟ್ಟು, ವಿಷದ ಪರಾಗ ತುಂಬಿದ ಎರಿ ತೆಗೆದು, ರಾಣಿಯನ್ನು ಮೊಟ್ಟೆ ಇಡಲು ಬಿಡಬೇಕು.

ನಮ್ಮಲ್ಲಿ ಈ ಅಪಾಯ ಹೆಚ್ಚು ಬರುವುದು ಅಡಿಕೆಯ ಹಿಂಗಾರಕ್ಕೆ ಹುಳದ ಮದ್ದು ಬಿಡುವಾಗ, ಆಮೇಲೆ ತರಕಾರಿ ಗದ್ದೆಯಿಂದ. ಹಿಂಗಾರದ ಪರಾಗಕ್ಕೆ ಬೆಳಗ್ಗೆ ನೊಣ ಮುತ್ತಿರುತ್ತದೆ. ಕೊಳೆರೋಗಕ್ಕೆ ಬಿಡುವ ಬೋರ್ಡೊ ದ್ರಾವಣ ಅಷ್ಟು ಕೆಟ್ಟದ್ದಲ್ಲ. ಇಮಿಡಾಕ್ಲೋಪ್ರಿಡ್ ಥರದ ಕೀಟನಾಶಕ ಹಾಗಲ್ಲ, ಗಿಡದೊಳಗೆ ಇಳಿದು ಮಕರಂದ, ಪರಾಗಕ್ಕೂ ಸೇರುತ್ತದೆ. ಹುಡಿ ಮದ್ದನ್ನಂತೂ ನೊಣ ಪರಾಗದ ಜೊತೆ ಮೈಗೆ ಅಂಟಿಸಿಕೊಂಡು ಮನೆಗೇ ತರುತ್ತದೆ.

ಪಕ್ಕದ ತೋಟದವರ ಹತ್ತಿರ ಕೂತು ಮಾತಾಡಿದೆ. ಹೂ ಬಿಟ್ಟಾಗ ಬೇಡ, ಬಿಡಲೇಬೇಕಾದರೆ ಸಂಜೆ ಬಿಡಿ, ಹಿಂದಿನ ದಿನ ಒಂದು ಫೋನ್ ಮಾಡಿ ಅಂದೆ. ಅವರ ಸೌತೆ ಕಾಯಿ ಕಟ್ಟುವುದೂ ಇದೇ ನೊಣಗಳಿಂದ ಅಂತ ಅವರಿಗೂ ಗೊತ್ತು. ಈಗ ಫೋನ್ ಬರುತ್ತದೆ. ಅವರು ಸಂಜೆ ಶುರು ಮಾಡುವ ಮೊದಲು ಇಲ್ಲಿ ನೊಣಗಳೆಲ್ಲ ಒಳಗೆ ಸೇರಿದ್ದನ್ನು ನೋಡಿ ಬಾಗಿಲಿಗೆ ಜಾಲರಿ ಹಾಕುತ್ತೇನೆ, ಪೆಟ್ಟಿಗೆಯ ಮೇಲೆ ಒದ್ದೆ ಗೋಣಿ ಹೊದಿಸುತ್ತೇನೆ. ಬೇಸಿಗೆಯಲ್ಲಿ ಗಾಳಿಯಾಡದಂತೆ ಮುಚ್ಚಿಬಿಟ್ಟರೆ ಒಳಗಿನ ಸೆಕೆಗೇ ಕುಟುಂಬ ಸಾಯಬಹುದು.