ಮಳೆಗಾಲಕ್ಕೆ ಮುಂಚೆಯೇ ಮೆಸಿಯೆ 110: ನಮ್ಮ ಗುಂಪಿನ ಲೆಕ್ಕ

ಹದಿನೆಂಟನೇ ಶತಮಾನದ ಫ್ರೆಂಚ್ ಖಗೋಳಜ್ಞ ಮೆಸಿಯೆ ಹೆಸರಿನ ಪಟ್ಟಿಯ 110 ಆಕಾಶಕಾಯಗಳನ್ನೂ (ನಕ್ಷತ್ರಗುಚ್ಛ, ನೀಹಾರಿಕೆ, ಗ್ಯಾಲಕ್ಸಿ ಇತ್ಯಾದಿ) ನಮ್ಮ ಚಿಕ್ಕಮಗಳೂರಿನ ಗುಂಪು ಒಂದೇ ವರ್ಷದ ಗುರಿ ಅಂತ ಇಟ್ಟುಕೊಂಡು ಮುಗಿಸಿತು. ಮೋಟಾರ್ ಇಲ್ಲ, ತಾನೇ ಕಾಯವನ್ನು ಹುಡುಕಿಕೊಡುವ ಗೋಟು (GoTo) ಇಲ್ಲ. 8 ಇಂಚಿನ ಕನ್ನಡಿಯ, ಕೈಯಲ್ಲೇ ತಿರುಗಿಸುವ ಡಾಬ್ಸೋನಿಯನ್ ಟೆಲಿಸ್ಕೋಪ್, ಒಂದು 10×50 ಬೈನಾಕ್ಯುಲರ್, ಕೆಂಪು ಟಾರ್ಚ್, ನಕ್ಷೆ. ಅಷ್ಟೇ.

"ನಿಮ್ಮಲ್ಲಿ ನಾಲ್ಕು ತಿಂಗಳು ಆಕಾಶವೇ ಕಾಣಲ್ಲ, ಧನು ವೃಶ್ಚಿಕ ಯಾವಾಗ ನೋಡ್ತೀರಿ?" ಅಂತ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಧನು ರಾಶಿಯೊಂದರಲ್ಲೇ 15 ಕಾಯಗಳಿವೆ. ಅದು ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ಮೇಲೆ ಬರೋದು ಜುಲೈ, ಆಗಸ್ಟ್‌ನಲ್ಲಿ. ಆಗ ಇಲ್ಲಿ ಕೊಡೆ ಬಿಟ್ಟು ಬೇರೇನೂ ತಲೆಯ ಮೇಲೆ ಕಾಣಲ್ಲ.

ಹಿಂದಿನ ವರ್ಷಗಳಲ್ಲಿ "ಈ ತಿಂಗಳ ಆಕಾಶ" ನೋಡಿಕೊಂಡು ಹೋಗುತ್ತಿದ್ದೆವು. ಪ್ರತಿ ಸಲ ಅರವತ್ತು ಎಪ್ಪತ್ತಕ್ಕೆ ನಿಂತುಹೋಗುತ್ತಿತ್ತು. ಈ ಸಲ ಲೆಕ್ಕ ತಿರುಗಿಸಿದೆವು. ವರ್ಷ ಶುರು ದಸರಾಕ್ಕೆ, ಮುಗಿಯೋದು ಯುಗಾದಿಗೆ. ಮಳೆಗಾಲದ ಆಕಾಶವನ್ನೆಲ್ಲ ಬೇಸಿಗೆಯ ಬೆಳಗಿನ ಜಾವ ನೋಡಿಬಿಡೋದು.

ಅಕ್ಟೋಬರ್‌ನಲ್ಲಿ ಮೊದಲು ಹಿಡಿದದ್ದು ಎಂ 30, ಎಂ 72, ಎಂ 73 (ಎಂ ಅಂದರೆ ಮೆಸಿಯೆ, ಮುಂದಿನದು ಪಟ್ಟಿಯ ಸಂಖ್ಯೆ). ಮಾರ್ಚ್ ತಿಂಗಳ ಒಂದೇ ರಾತ್ರಿಯಲ್ಲಿ ಪಟ್ಟಿ ಮುಗಿಸುವ ಮ್ಯಾರಥಾನಿನಲ್ಲಿ ಎಲ್ಲರೂ ಒದ್ದಾಡೋದು ಈ ಎಂ 30ಕ್ಕೇ, ಬೆಳಕು ಹರಿದುಬಿಡುತ್ತದೆ. ನಾವು ಅದನ್ನು ಊಟಕ್ಕೆ ಮುಂಚೆ ಆರಾಮಾಗಿ ನೋಡಿದೆವು. ಅಲ್ಲೇ ಪಕ್ಕದ ಎಂ 75 ಮಾತ್ರ ಮೋಡಕ್ಕೆ ಹೋಯಿತು. ದೀಪಾವಳಿ ಅಮಾವಾಸ್ಯೆಯನ್ನು ಲೆಕ್ಕದಿಂದಲೇ ತೆಗೆದುಬಿಡಿ. ಪಟಾಕಿ ಹೊಗೆ, ಮೇಲೆ ಲಕ್ಷ್ಮೀಪೂಜೆ. ಮನೆಯಲ್ಲಿ ಯಾರೂ ಬಿಡಲ್ಲ.

ಜಾಗದ ವಿಷಯಕ್ಕೆ ತುಂಬಾ ಅಲೆದೆವು. ಕೈಮರ ದಾಟಿ ಗಿರಿ ಕಡೆ ಹೋದರೆ ಕತ್ತಲೆ ಸಿಗುತ್ತದೆ, ನಿಜ. ಆದರೆ ಗಾಳಿಗೆ ಟ್ಯೂಬೇ ಅಲ್ಲಾಡುತ್ತದೆ, ಹತ್ತು ನಿಮಿಷದಲ್ಲಿ ಮಂಜು ಮುಚ್ಚುತ್ತದೆ. ಆಮೇಲೆ ಸದಸ್ಯರೊಬ್ಬರ ತೋಟದ ಕಾಫಿ ಕಣ. ಸಮತಟ್ಟು, ಸುತ್ತ ಗಾಳಿ ತಡೆ, ನೋಡಿದರೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಸಿಮೆಂಟು ಹಗಲೆಲ್ಲ ಕಾದು ಮಧ್ಯರಾತ್ರಿವರೆಗೆ ಬಿಸಿ ಬಿಡುತ್ತಿತ್ತು, ನಕ್ಷತ್ರಗಳು ಕುದಿಯುತ್ತಿದ್ದವು. ಡಿಸೆಂಬರ್ ಬಂದರೆ ಕಣದ ತುಂಬ ಕಾಫಿ, ಕಾಲಿಡೋಕೂ ಜಾಗ ಇಲ್ಲ. ಕೊನೆಗೆ ಸಿಕ್ಕಿದ್ದು ಸಖರಾಯಪಟ್ಟಣದ ಆಚೆ, ಕಡೂರು ಕಡೆ, ಕೊಯ್ಲಾದ ಒಂದು ರಾಗಿ ಹೊಲ. ಒಣ ಸೀಮೆ, ಮರ ಕಡಿಮೆ. ಹೊಲದ ಯಜಮಾನರ ಮೊಮ್ಮಕ್ಕಳಿಗೆ ಆಗಾಗ ಚಂದ್ರ ತೋರಿಸೋದೇ ಬಾಡಿಗೆ. ಎಲ್ಲಿ ಅಂತ ಸರಿಯಾಗಿ ಬರೆಯಲ್ಲ. ಬರೆದರೆ ನಾಳೆಯೇ ಹತ್ತು ಕಾರು ಹೆಡ್‌ಲೈಟ್ ಹಾಕ್ಕೊಂಡು ಬಂದು ನಿಲ್ಲುತ್ತವೆ.

ದುಡ್ಡು: ಸೆಕೆಂಡ್ ಹ್ಯಾಂಡ್ ಟೆಲಿಸ್ಕೋಪಿಗೆ ಮೂವತ್ತೆಂಟು ಸಾವಿರದ ಹತ್ತಿರ. ಏಳೆಂಟು ಜನ ಹಂಚಿಕೊಂಡೆವು. ಒಂದು ರಾತ್ರಿಗೆ ಓಮ್ನಿಗೆ ಪೆಟ್ರೋಲ್ ಮುನ್ನೂರು, ಟೀ ಬನ್ನು ಬೇರೆ. ಇಬ್ಬನಿ ತಡೆಯೋಕೆ ಅಂತ ಮೂರು ಸಾವಿರ ಕೊಟ್ಟು ಹೀಟರ್ ತರಿಸಿದೆವು. ರಾತ್ರಿ ಒಂದು ಗಂಟೆಗೆಲ್ಲ ಬ್ಯಾಟರಿ ಕುಡಿದು ಮುಗಿಸುತ್ತಿತ್ತು. ಇನ್ನೂರೈವತ್ತು ರೂಪಾಯಿಯ ಯೋಗ ಮ್ಯಾಟ್ ಕತ್ತರಿಸಿ ಟ್ಯೂಬಿನ ಬಾಯಿಗೆ ಸುತ್ತಿದ್ದೇ ಕೆಲಸ ಮಾಡಿದ್ದು. ಫಂಗಸ್‌ಗೆ ಒಂದು ಒಳ್ಳೆ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹೋಯಿತು, ನಾಲ್ಕು ಸಾವಿರದ್ದು. ಈಗ ಐಪೀಸ್‌ಗಳೆಲ್ಲ ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ, ಸಿಲಿಕಾ ಜೆಲ್ ಜೊತೆ. ಜೆಲ್ ಜೊತೆಗೆ ಇನ್ನೊಂದು ಸಾಮಾನೂ ಹಾಕುತ್ತೇವೆ. ಅದು ನಮ್ಮ ಗುಂಪಿನ ಗುಟ್ಟು.

ಅತಿ ಹೆಚ್ಚು ಸತಾಯಿಸಿದ್ದು ಎಂ 74 ಅನ್ನುವ ಗ್ಯಾಲಕ್ಸಿ. ಡಿಸೆಂಬರ್‌ನಲ್ಲಿ ನೆತ್ತಿಯ ಮೇಲೇ ಇದ್ದರೂ ಕಾಣದು. ಕನ್ನಡಿ ಮೇಲೆ ಉಸಿರು ಬಿಟ್ಟು ಅದು ಆರುವಾಗ ಉಳಿಯುವ ಮಸುಕಿನಷ್ಟೇ ಅದು. ತಲೆಗೆ ಕರಿ ಬಟ್ಟೆ ಹೊದ್ದು, ಓರೆಗಣ್ಣಲ್ಲಿ ನೋಡುತ್ತ, ಟ್ಯೂಬನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿದಾಗ ಅಲ್ಲಾಡಿದ್ದು ಕಂಡಿತು. ಇಬ್ಬರು ಬೇರೆ ಬೇರೆ ಚಿತ್ರ ಬರೆದು, ಎರಡೂ ಹೊಂದಿದ ಮೇಲೆಯೇ ಪಟ್ಟಿಯಲ್ಲಿ ಟಿಕ್ ಹಾಕಿದ್ದು.

ಅದೇ ಚಳಿಯಲ್ಲಿ ಸುಮ್ನೆ ಇರಲಾರದೆ ಆಲ್ಗಾಲ್ ಹಿಂದೆ ಬಿದ್ದೆವು. 2 ದಿನ 21 ಗಂಟೆಗೊಮ್ಮೆ ಮಂಕಾಗುವ ನಕ್ಷತ್ರ ಅದು. ಅಕ್ಕಪಕ್ಕದ ನಕ್ಷತ್ರಗಳಿಗೆ ಹೋಲಿಸಿ, ಬರಿಗಣ್ಣಲ್ಲೇ ಗ್ರಾಫ್ ಹಾಕಿದೆವು. ಅದು ತೀರಾ ಮಂಕಾದ ಸಮಯ ಅರ್ಧ ಗಂಟೆಯ ಆಚೀಚೆ ಸಿಕ್ಕಿತು. ಒಂದು ಪೈಸೆ ಖರ್ಚಿಲ್ಲ, ಮೆಸಿಯೆಗಿಂತ ಅದೇ ಜಾಸ್ತಿ ಖುಷಿ ಕೊಟ್ಟಿತು ಅಂದರೂ ತಪ್ಪಿಲ್ಲ.

ಇನ್ನು ನಮ್ಮ ತುರುಪಿನ ಎಲೆ, ಶಿವರಾತ್ರಿ. ಅಮಾವಾಸ್ಯೆ ರಾತ್ರಿ ಹೊರಗೆ ಹೋಗಬೇಡ ಅನ್ನುವ ಅಜ್ಜಿಯಂದಿರೂ ಜಾಗರಣೆಗೆ ಬೇಡ ಅನ್ನಲ್ಲ. ಕೃಷ್ಣ ಪಕ್ಷದ ಚತುರ್ದಶಿ, ಚಂದ್ರ ಏಳೋದು ಬೆಳಕಾಗುವ ಹೊತ್ತಿಗೆ, ಅದೂ ಗೆರೆಯಷ್ಟು. ಆಕಾಶ ಒಣಗಿರುತ್ತದೆ. ಹತ್ತು ಗಂಟೆಯಿಂದ ಸಿಂಹ, ಕನ್ಯಾ ರಾಶಿಗಳ ಗ್ಯಾಲಕ್ಸಿಗಳನ್ನು ಹಿಡಿದೆವು. ಆ ಗ್ಯಾಲಕ್ಸಿಗಳ ನಡುವೆ ದಾರಿ ತಪ್ಪದೆ ಹೋಗೋಕೆ ನನ್ನದೇ ಒಂದು ಕ್ರಮ ಇದೆ, ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ. ಎರಡು ಗಂಟೆಗೆ ವೃಶ್ಚಿಕ ಮೇಲೆ ಬಂತು, ನಾಲ್ಕರ ಹೊತ್ತಿಗೆ ಧನು. ಪ್ಯಾರಿಸ್‌ನಲ್ಲಿ ಕೂತು ಪಟ್ಟಿ ಮಾಡಿದ ಮೆಸಿಯೆಗೆ ವೃಶ್ಚಿಕದ ನಕ್ಷತ್ರಗುಚ್ಛ ಎಂ 7 ದಿಗಂತಕ್ಕೆ ಅಂಟಿಕೊಂಡು ಕಾಣುತ್ತಿತ್ತು, ಹೆಚ್ಚೆಂದರೆ ಆರು ಡಿಗ್ರಿ. ನಮಗೆ ಅದು ನಲವತ್ತು ಡಿಗ್ರಿ ದಾಟುತ್ತದೆ. ಒಮೆಗಾ ಸೆಂಟಾರಿ ಅನ್ನುವ ದೊಡ್ಡ ನಕ್ಷತ್ರಗುಚ್ಛ ಅಲ್ಲಿಂದ ಕಾಣುವುದೇ ಇಲ್ಲ, ಅದಕ್ಕೇ ಪಟ್ಟಿಯಲ್ಲಿಲ್ಲ. ನಾವು ಅದನ್ನೂ ನೋಡಿ 111 ಅಂತ ಬರೆದುಕೊಂಡೆವು!

ಉಳಿದಿದ್ದ ನಾಲ್ಕೈದು ಯುಗಾದಿ ಹಿಂದಿನ ರಾತ್ರಿ ಮುಗಿದವು. ಕೊನೆಯ ಟಿಕ್ ಎಂ 75ಕ್ಕೆ. ನಕ್ಕಿದ್ದ ಬೆಂಗಳೂರಿನವರಲ್ಲಿ ಒಬ್ಬರು ಆವತ್ತು ನಮ್ಮ ಜೊತೆಯಲ್ಲೇ ಇದ್ದರು, ಥರ್ಮಾಸ್ ಹಿಡಿದುಕೊಂಡು.

ಮುಂದಿನ ಗುರಿ ಹರ್ಷೆಲ್ 400, ಅಂದರೆ ಖಗೋಳಜ್ಞ ಹರ್ಷೆಲ್ ಕಂಡ ಕಾಯಗಳಲ್ಲಿ ಆರಿಸಿದ ನಾನೂರರ ಪಟ್ಟಿ. ಅದು ಒಂದು ವರ್ಷದ ಮಾತಲ್ಲ. 8 ಇಂಚಿನಲ್ಲಿ ಆಗುತ್ತೆ ಅಂತ ನಾನು, 10 ಬೇಕು ಅಂತ ಉಳಿದವರು. ಸದ್ಯಕ್ಕೆ ತಿಂಗಳಿಗೆ ಐನೂರರ ಹಾಗೆ ಒಂದು ಚೀಟಿ ಶುರು ಮಾಡಿದ್ದೇವೆ.