ಕೆಮ್ಮದ ನಾಯಿಯ ಮೇಲೂ ಕಣ್ಣಿರಬೇಕು

ನಾನು ನಾಯಿಗಳ ಬೋರ್ಡಿಂಗ್ ನಡೆಸುತ್ತೇನೆ. ಈ ಕೆಲಸದಲ್ಲಿ ನನಗೆ ಕಚ್ಚುವ ನಾಯಿಗಿಂತ ಕೆಮ್ಮುವ ನಾಯಿಯದೇ ಜಾಸ್ತಿ ಚಿಂತೆ.

ಒಂದು ಸಲ ನಮ್ಮಲ್ಲಿದ್ದ ಲ್ಯಾಬ್ರಡಾರ್ ಕುತ್ತಿಗೆ ಮುಂದಕ್ಕೆ ಚಾಚಿ ಒಣಗಿದ ಗಟ್ಟಿ ಕೆಮ್ಮು ಕೆಮ್ಮತೊಡಗಿತು. ಕೊನೆಗೆ ಓಕರಿಸಿ ಒಂದಿಷ್ಟು ಬಿಳಿ ನೊರೆ ಕಕ್ಕಿತು. ಮನೆಯವರಿಗೆ ಫೋನ್ ಮಾಡಿದೆ. "ಗಂಟಲಲ್ಲಿ ಮೂಳೆ ಏನಾದರೂ ಸಿಕ್ಕಿಕೊಂಡಿದೆಯಾ?" ಅಂದರು. ಆ ಕೆಮ್ಮು ಕೇಳಿದ ಯಾರಿಗಾದರೂ ಹಾಗೇ ಅನಿಸುತ್ತದೆ. ಡಾಕ್ಟರು ಬಂದು ಎರಡು ಬೆರಳಿಂದ ಶ್ವಾಸನಾಳವನ್ನು ಮೆಲ್ಲಗೆ ಒತ್ತಿದರು. ಕೂಡಲೇ ಅದೇ ಕೆಮ್ಮು ಬಂತು. ಕೆನಲ್ ಕಾಫ್, ಅಂದರೆ ನಾಯಿಯಿಂದ ನಾಯಿಗೆ ಹರಡುವ ಕೆಮ್ಮಿನ ಕಾಯಿಲೆ ಎಂದರು.

ಇದಕ್ಕೆ ಕಾರಣ ಒಂದೇ ಅಲ್ಲ. ಪ್ಯಾರಾಇನ್‌ಫ್ಲುಯೆಂಜಾ ವೈರಸ್, ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾ, ಅಡಿನೋವೈರಸ್, ಹೀಗೆ ಹಲವು ಸೇರಿಕೊಳ್ಳುತ್ತವೆ. ಶ್ವಾಸನಾಳದ ಒಳಗೆ ಸಣ್ಣ ರೋಮಗಳಿರುತ್ತವೆ. ಕಸ, ಕಫವನ್ನು ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ವೈರಸ್ ಆ ಪದರವನ್ನೇ ಹಾಳು ಮಾಡುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಸಲೀಸಾಗಿ ಒಳಗೆ ಇಳಿಯುತ್ತದೆ.

ನನ್ನ ಗಮನ ಹೋಗಿದ್ದು ಪಕ್ಕದ ಗೂಡಿನಲ್ಲಿ ಆರಾಮಾಗಿ ಆಡುತ್ತಿದ್ದ ನಾಯಿಗಳ ಕಡೆಗೆ. ಸೋಂಕು ತಗುಲಿ ಕೆಮ್ಮು ಕಾಣಿಸಲು ಕೆಲವು ದಿನ ಬೇಕು. ಅಷ್ಟರೊಳಗೇ ಅದು ಇನ್ನೊಂದಕ್ಕೆ ಹರಡಿರಬಹುದು. ಹಾಗಾಗಿ ಕೆಮ್ಮುವ ನಾಯಿಯನ್ನು ಮಾತ್ರ ಬೇರೆ ಇಟ್ಟು ಸುಮ್ಮನಾಗಲಿಲ್ಲ. ಅದರ ಜೊತೆ ಆಡಿದವನ್ನೆಲ್ಲ ಇನ್ನೊಂದು ಗುಂಪು ಮಾಡಿದೆ. ಹೊಸ ನಾಯಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದೆ. ಊಟ ಕೊಡುವಾಗ ಮೊದಲು ಚೆನ್ನಾಗಿರುವವು, ನಂತರ ಅನುಮಾನದವು, ಕೊನೆಗೆ ಕೆಮ್ಮುವವು. ಈ ಕ್ರಮ ಒಂದು ಹೊತ್ತೂ ತಪ್ಪಬಾರದು, ಯಾಕೆಂದರೆ ನಮ್ಮ ಕೈ, ಬಟ್ಟೆ, ನೀರಿನ ಬಟ್ಟಲು ಎಲ್ಲವೂ ಸೋಂಕು ಹೊರುತ್ತವೆ. ಪ್ಯಾರಾಇನ್‌ಫ್ಲುಯೆಂಜಾ ವೈರಸ್‌ನ ಹೊರಪದರ ಕೊಬ್ಬಿನದು, ಸೋಪಿಗೆ ಉಳಿಯುವುದಿಲ್ಲ. ಮೊದಲು ಸೋಪುನೀರಲ್ಲಿ ಕೊಳೆ ತೆಗೆದು, ಆಮೇಲೆ ಬ್ಲೀಚ್ ಬೆರೆಸಿದ ನೀರು ಹಾಕಿ ಹತ್ತು ನಿಮಿಷ ಹಾಗೇ ಬಿಡುತ್ತಿದ್ದೆವು. ಕಿಟಕಿಗಳನ್ನು ಹಗಲೆಲ್ಲ ತೆಗೆದಿಟ್ಟೆವು. ಗಾಳಿ ಕಟ್ಟಿದ ಕೋಣೆಯಲ್ಲಿ ಎಷ್ಟು ತೊಳೆದರೂ ಪ್ರಯೋಜನ ಕಮ್ಮಿ.

ಕೆಮ್ಮುವ ನಾಯಿಗಳಿಗೆ ಕೊರಳಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ಹಾಕಿದೆವು. ಪಟ್ಟಿ ಎಳೆದರೆ ಕೆರಳಿದ ಗಂಟಲು ಮತ್ತೆ ಕೆರಳುತ್ತದೆ, ಅಲ್ವಾ? ಓಟ, ಆಟ ಬಂದ್. ಮನುಷ್ಯರ ಕೆಮ್ಮಿನ ಸಿರಪ್, ಪ್ಯಾರಾಸಿಟಮಾಲ್ ಅಂತೂ ಮುಟ್ಟಿಸಲೇಬಾರದು, ಅವು ನಾಯಿಗೆ ವಿಷವಾಗಬಹುದು. ಊಟ ಬಿಟ್ಟರೆ, ಜ್ವರ ಬಂದರೆ, ಮೂಗಲ್ಲಿ ಹಳದಿ ಸಿಂಬಳ ಇಳಿದರೆ, ಮಲಗಿದ್ದಾಗಲೂ ಉಸಿರು ಜೋರಾಗಿದ್ದರೆ ನ್ಯುಮೋನಿಯಾ ಆಗುತ್ತಿರಬಹುದು. ಆಗ ಕಾಯುವಂತಿಲ್ಲ, ಡಾಕ್ಟರ ಬಳಿ ಓಡಬೇಕು. ಉಳಿದಂತೆ ಒಂದೆರಡು ವಾರದಲ್ಲಿ ತಾನಾಗಿ ಇಳಿಯುವ ಕಾಯಿಲೆ ಇದು.

ಅದೇ ಸಮಯಕ್ಕೆ ಒಬ್ಬ ತಾಯಿ ಗಾಬರಿಯಿಂದ ಕೇಳಿದರು: "ನಮ್ಮ ಮಗೂನೂ ನಾಯಿ ಬೊಗಳಿದ ಹಾಗೆ ಕೆಮ್ಮುತ್ತಿದೆ. ನಾಯಿಯಿಂದಲೇ ಬಂತಾ?" ಇದಕ್ಕೆ ಸರಿಯಾದ ಉತ್ತರ ಸಿಗಬೇಕಾದ್ದು ತುಂಬಾ ಮುಖ್ಯ. ಇಲ್ಲದಿದ್ದರೆ ಸುಮ್ನೆ ನಾಯಿ ಮನೆಯಿಂದ ಹೊರಬೀಳುತ್ತದೆ. ಮನುಷ್ಯರ ಪ್ಯಾರಾಇನ್‌ಫ್ಲುಯೆಂಜಾ ವೈರಸ್‌ಗಳು ನಾಲ್ಕು ಬಗೆ, ನಾಯಿಯದು ಬೇರೆಯೇ. ಮಗುವಿಗೆ ಇಂಥ ಕೆಮ್ಮು ತರುವುದು ಹೆಚ್ಚಾಗಿ ಮನುಷ್ಯರ ವೈರಸ್ಸೇ, ಅದು ಸಾಮಾನ್ಯವಾಗಿ ಇನ್ನೊಬ್ಬ ಮನುಷ್ಯನಿಂದ ಬರುತ್ತದೆ. ಆ ಬೊಗಳುವ ಕೆಮ್ಮಿಗೆ ಕ್ರೂಪ್ ಎನ್ನುತ್ತಾರೆ. ಧ್ವನಿಪೆಟ್ಟಿಗೆ ಸುತ್ತ ಊದಿಕೊಂಡು ದಾರಿ ಕಿರಿದಾಗುತ್ತದೆ, ರಾತ್ರಿ ಜಾಸ್ತಿ ಆಗುತ್ತದೆ. ಸುಮ್ಮನೆ ಕೂತಿದ್ದಾಗಲೂ ಉಸಿರೆಳೆಯುವಾಗ ಕರ್ಕಶ ಸದ್ದು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಎಂದೆ. ಬೋರ್ಡೆಟೆಲ್ಲಾ ಮಾತ್ರ ಅಪರೂಪಕ್ಕೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ತಗುಲಬಹುದು. ಅಂಥವರು ಕೆಮ್ಮುವ ನಾಯಿಯಿಂದ ದೂರ ಇರುವುದು ಒಳ್ಳೆಯದು.

ಮನುಷ್ಯರ ಪ್ಯಾರಾಇನ್‌ಫ್ಲುಯೆಂಜಾ ವೈರಸ್‌ಗೆ ಲಸಿಕೆ ಇಲ್ಲ. ನಾಯಿಗಿದೆ, ಮೂಗಿಗೆ ಹನಿ ಹಾಕುವುದೂ ಇದೆ, ಚುಚ್ಚುವುದೂ ಇದೆ. ಹಾಕಿಸಿದರೂ ಕೆಮ್ಮು ಬರಬಹುದು, ಆದರೆ ಹಗುರವಾಗಿ ಹೋಗುತ್ತದೆ. ಬೋರ್ಡಿಂಗ್‌ಗೆ ಬರುವುದಕ್ಕೆ ಕನಿಷ್ಠ ಒಂದು ವಾರ ಮೊದಲೇ ಹಾಕಿಸಿರಬೇಕು ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಮೂಗಿನ ಲಸಿಕೆಯಾದ ಮೇಲೆ ಕೆಲವು ನಾಯಿಗಳು ಒಂದೆರಡು ದಿನ ಸೀನುತ್ತವೆ. ಅವು ಸೀನು ನಿಂತ ಮೇಲೆ ಬಂದರೆ ಸಾಕು.